ಗಾಜಿನ ಮೇಲೆ ಒಂದು ಹಿಡಿ ಅಕ್ಕಿ

ವಿಜಯವಾಡದ ಸುತ್ತಲಿನ ಅಕ್ಕಿ ಗಿರಣಿಗಳಲ್ಲಿ ಸುಗ್ಗಿ ಮುಗಿದ ಮೇಲೆ ನಡೆಯುವ ವಾದಗಳಲ್ಲಿ ನುಚ್ಚಿನದೇ ದೊಡ್ಡದು. ಕೃಷ್ಣಾ ನದಿಗೆ ಅಲ್ಲಿ 1855ರಲ್ಲೇ ಒಡ್ಡು ಕಟ್ಟಿದ್ದರು. 1957ರಲ್ಲಿ ಪ್ರಕಾಶಂ ಬ್ಯಾರೇಜ್ ಬಂತು. ಅಲ್ಲಿಂದ ಹೊರಡುವ ಕಾಲುವೆಗಳು ಸಮುದ್ರದಂಚಿನವರೆಗೂ ಭತ್ತದ ಗದ್ದೆಗಳಿಗೆ ನೀರುಣಿಸುತ್ತವೆ. ಈ ಮುಖಜಭೂಮಿಯ ಪಶ್ಚಿಮ ಅಂಚಿನ ಬಾಪಟ್ಲದಲ್ಲಿ ರೂಪುಗೊಂಡು 1986ರಲ್ಲಿ ಬಿಡುಗಡೆಯಾದ ತಳಿ ಬಿಪಿಟಿ 5204. ಸಾಂಬಾ ಮಸೂರಿ ಎಂದರೂ ಅದೇ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈತರಿಗೆ ಇದು ಮನೆಯ ಬೆಳೆಯಷ್ಟೇ ಪರಿಚಿತ. ಭತ್ತ ಚೆನ್ನಾಗಿ ಒಣಗದಿದ್ದರೆ, ಅತಿಯಾಗಿ ಒಣಗಿದರೆ, ಪಾಲಿಷ್ ಯಂತ್ರ ಬಿರುಸಾಗಿ ಓಡಿದರೆ ಕಾಳು ಮುರಿಯುತ್ತದೆ. ಮುರಿದದ್ದು ನುಚ್ಚು, ನುಚ್ಚಿಗೆ ಬೆಲೆ ಕಡಿಮೆ.

ಎಷ್ಟು ಮುರಿದರೆ ನುಚ್ಚು? ಆಹಾರ ನಿಗಮದ ಖರೀದಿಯಲ್ಲಿ ಇದಕ್ಕೊಂದು ವ್ಯಾಖ್ಯೆಯಿದೆ: ಇಡೀ ಕಾಳಿನ ಮುಕ್ಕಾಲು ಭಾಗಕ್ಕಿಂತ ಚಿಕ್ಕದಾದ ತುಂಡು ನುಚ್ಚು. ಬೆಳ್ತಿಗೆ ಅಕ್ಕಿಯಲ್ಲಿ ಅದು ತೂಕದ ಶೇ. 25ನ್ನು ಮೀರಬಾರದು, ಕುಸುಬಲಕ್ಕಿಯಲ್ಲಿ ಶೇ. 16ನ್ನು ಮೀರಬಾರದು ಎಂಬುದು ಬಹುಕಾಲ ನಡೆದುಬಂದ ಮಿತಿ. ಪರೀಕ್ಷೆ ಮಾಡುವವರು ಮೂಟೆಗೆ ಬಂಬು ಚುಚ್ಚಿ ಮಾದರಿ ತೆಗೆದು, ತಟ್ಟೆಯಲ್ಲಿ ಹರಡಿ, ಚಿಮುಟದಲ್ಲಿ ಒಂದೊಂದೇ ತುಂಡನ್ನು ಆರಿಸಿ, ಕೊನೆಗೆ ತೂಗುತ್ತಾರೆ. ಅರ್ಧಕ್ಕೆ ಮುರಿದ ಕಾಳಿನ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ಮುಕ್ಕಾಲೋ, ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆಯೋ ಎಂಬ ಕಾಳುಗಳು ತಟ್ಟೆಯ ತುಂಬ ಇರುತ್ತವೆ. ಅವುಗಳ ಭವಿಷ್ಯ ನಿರ್ಧಾರವಾಗುವುದು ಕಣ್ಣಳತೆಯಲ್ಲಿ. ಬೆಳಗ್ಗೆಯ ಕಣ್ಣು ಒಂದು ರೀತಿ, ಸಂಜೆಯ ಕಣ್ಣು ಇನ್ನೊಂದು ರೀತಿ. ಲಾರಿ ಲೋಡು ಒಪ್ಪಿತವೋ ತಿರಸ್ಕೃತವೋ ಎಂಬುದು ಇದರ ಮೇಲೆ ನಿಂತಿದೆ.

ಈ ಜಗಳವನ್ನು ಬಗೆಹರಿಸಬಲ್ಲ ಯಂತ್ರ ಊರಿನ ಪ್ರತಿ ಜೆರಾಕ್ಸ್ ಅಂಗಡಿಯಲ್ಲೂ ಇದೆ. ಆಧಾರ್ ಕಾರ್ಡು, ಪಹಣಿ, ಮಾರ್ಕ್ಸ್ ಕಾರ್ಡುಗಳನ್ನು ಮಗುಚಿ ಹಾಕಿ ಮುಚ್ಚಳ ಮುಚ್ಚುತ್ತೇವಲ್ಲ, ಆ ಚಪ್ಪಟೆ ಸ್ಕ್ಯಾನರ್. ಅದೇ ಗಾಜಿನ ಮೇಲೆ ಒಂದು ಹಿಡಿ ಅಕ್ಕಿ ಹರಡಿದರೆ ಅದು ಪ್ರಯೋಗಾಲಯದ ಉಪಕರಣವಾಗಬಲ್ಲದು. ನೆದರ್ಲೆಂಡ್ಸ್‌ನ ಗೆರಾರ್ಡ್ ಫಾನ್ ಡಾಲೆನ್ ಎಂಬ ಸಂಶೋಧಕ ಅಕ್ಕಿಯ ಗಾತ್ರವನ್ನೂ ನುಚ್ಚಿನ ಪ್ರಮಾಣವನ್ನೂ ಚಪ್ಪಟೆ ಸ್ಕ್ಯಾನರಿನಲ್ಲಿ ಅಳೆಯುವ ವಿಧಾನವನ್ನು 2004ರಲ್ಲೇ ಪ್ರಕಟಿಸಿದ. ಕೆಲಸ ಕೇಳಿದಷ್ಟು ಸಲೀಸಲ್ಲ. ಅದರ ಕಷ್ಟ ಎಲ್ಲಿದೆ ಎಂದು ತಿಳಿಯಬೇಕಾದರೆ ಯಂತ್ರದ ಒಳಗೆ ಇಣುಕಬೇಕು.

ಪ್ರಕಾಶಂ ಬ್ಯಾರೇಜ್ ಮುಗಿದ 1957ರಲ್ಲೇ ಅಮೆರಿಕದ ರಸೆಲ್ ಕರ್ಷ್ ತನ್ನ ಎಳೆಮಗುವಿನ ಫೋಟೊ ಒಂದನ್ನು ಉರುಳೆಗೆ ಸುತ್ತಿ, ಬೆಳಕಿನ ಚುಕ್ಕಿಯಿಂದ ಓದಿಸಿ, ಕಂಪ್ಯೂಟರಿಗೆ ಸೇರಿಸಿದ. ಅದು ಅಗಲಕ್ಕೆ 176, ಎತ್ತರಕ್ಕೆ 176 ಚುಕ್ಕಿಗಳ ಚಿತ್ರ. ಇಂದಿನ ಸ್ಕ್ಯಾನರಿನ ಪೂರ್ವಜ ಅದೇ. 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಬೆಳಕಿನ ಸಂವೇದಕವನ್ನು ಕಂಡುಹಿಡಿದ ಮೇಲೆ ಉರುಳೆಯ ಬದಲು ಗಾಜಿನ ಹಲಗೆ ಸಾಧ್ಯವಾಯಿತು. ಅವರಿಬ್ಬರಿಗೂ 2009ರಲ್ಲಿ ನೊಬೆಲ್ ಬಂತು. ಈಗಿನ ಸ್ಕ್ಯಾನರಿನ ಗಾಜಿನ ಕೆಳಗೆ ಒಂದು ದೀಪ, ಬೆಳಕಿನ ದಾರಿಯನ್ನು ಮಡಚುವ ಕೆಲವು ಕನ್ನಡಿಗಳು, ಒಂದು ಲೆನ್ಸ್ ಮತ್ತು ಸಾವಿರಾರು ಕಣಗಳು ಒಂದೇ ಸಾಲಿನಲ್ಲಿ ಕುಳಿತಿರುವ ಸಂವೇದಕ ಇರುತ್ತವೆ. ದೀಪ ಮತ್ತು ಕನ್ನಡಿಗಳ ಬಂಡಿಯನ್ನು ಹಲ್ಲಿನ ಬೆಲ್ಟ್ ಕಟ್ಟಿ ಸ್ಟೆಪ್ಪರ್ ಮೋಟಾರು ಎಳೆಯುತ್ತದೆ. ಹೊಲದಲ್ಲಿ ನೇಗಿಲು ಸಾಲಾದ ಮೇಲೆ ಸಾಲು ಹೊಡೆಯುವಂತೆ ಅದು ಚಿತ್ರವನ್ನು ಗೆರೆಗೆರೆಯಾಗಿ ಎತ್ತಿಕೊಳ್ಳುತ್ತದೆ.

ಮೊಬೈಲ್ ಕ್ಯಾಮೆರಾ ಇರುವಾಗ ಸ್ಕ್ಯಾನರ್ ಯಾಕೆ? ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ನಡುವಿನ ಕಾಳಿಗೂ ಅಂಚಿನ ಕಾಳಿಗೂ ಲೆನ್ಸಿನಿಂದ ಇರುವ ದೂರ ಬೇರೆ, ಬೀಳುವ ಬೆಳಕು ಬೇರೆ. ಕೈ ಸ್ವಲ್ಪ ವಾಲಿದರೆ ಅಳತೆಯೇ ಬದಲು. ಸ್ಕ್ಯಾನರಿನಲ್ಲಿ ಗಾಜಿಗೂ ಲೆನ್ಸಿಗೂ ನಡುವಿನ ದೂರ ಕಾರ್ಖಾನೆಯಲ್ಲೇ ನಿಗದಿಯಾಗಿದೆ, ದೀಪವೂ ಕನ್ನಡಿಗಳ ಜೊತೆಜೊತೆಗೇ ಸಾಗುತ್ತದೆ. ಎ4 ಅಳತೆಯ ಗಾಜನ್ನು 600 ಡಿಪಿಐನಲ್ಲಿ ಓದಿದರೆ ಸುಮಾರು ಮೂರೂವರೆ ಕೋಟಿ ಪಿಕ್ಸೆಲ್ ಸಿಗುತ್ತವೆ. ಒಂದೊಂದು ಪಿಕ್ಸೆಲ್ಲಿನ ಅಗಲ 0.042 ಮಿಲಿಮೀಟರ್. ಕೆಲವು ಸಾವಿರ ರೂಪಾಯಿಗೆ ಇಷ್ಟು ಸ್ಥಿರವಾದ ದೃಗ್ವ್ಯವಸ್ಥೆ ಬೇರೆಲ್ಲೂ ಸಿಗುವುದಿಲ್ಲ.

ಆದರೆ ಈ ಯಂತ್ರವನ್ನು ಅಳತೆಗೆಂದು ಮಾಡಿಲ್ಲ, ಚೆಂದ ಕಾಣಿಸಲೆಂದು ಮಾಡಿದ್ದಾರೆ. ಮಾಸಿದ ಕಾಗದವನ್ನು ಬೆಳ್ಳಗೆ ತೋರಿಸುವುದು, ಮಂಕಾದ ಅಕ್ಷರವನ್ನು ಕಪ್ಪಾಗಿಸುವುದು, ಅಂಚುಗಳನ್ನು ಚೂಪು ಮಾಡುವುದು ಅದಕ್ಕೆ ಕಲಿಸಿದ ವಿದ್ಯೆ. ಅದರ ತಂತ್ರಾಂಶ ಪ್ರತಿ ಸ್ಕ್ಯಾನಿಗೂ ಯಾವುದು ಕಪ್ಪು, ಯಾವುದು ಬಿಳಿ ಎಂದು ಹೊಸದಾಗಿ ತೀರ್ಮಾನಿಸುತ್ತದೆ. ಇವತ್ತು 200 ಎಂದು ಓದಿದ ಬೂದು ಬಣ್ಣವನ್ನು ಪಕ್ಕದಲ್ಲಿ ಬೇರೇನೋ ಇಟ್ಟ ಮಾತ್ರಕ್ಕೆ ನಾಳೆ 215 ಎಂದೀತು. ಅಳತೆಗೆ ಬಳಸುವವರ ಮೊದಲ ಕೆಲಸ ಇಂಥ ಎಲ್ಲ ಉಪಚಾರಗಳನ್ನೂ ನಿಲ್ಲಿಸುವುದು. ತಾನಾಗಿ ಬಣ್ಣ ತಿದ್ದುವುದು, ಅಂಚು ಚೂಪು ಮಾಡುವುದು, ದೂಳು ಅಳಿಸುವುದು, ಎಲ್ಲವನ್ನೂ ಬಂದ್ ಮಾಡಬೇಕು. ಚಿತ್ರವನ್ನು ಜೆಪೆಗ್‌ನಲ್ಲಿ ಕುಗ್ಗಿಸದೆ ಟಿಫ್ ರೂಪದಲ್ಲೇ ಉಳಿಸಬೇಕು. ಸ್ಕ್ಯಾನರ್ ಕೊಳ್ಳುವವರ ದೃಷ್ಟಿಯಲ್ಲಿ ಇವೆಲ್ಲ ಅನುಕೂಲಗಳು; ಅಳೆಯುವವರ ದೃಷ್ಟಿಯಲ್ಲಿ ಒಂದೊಂದೂ ಒಂದು ಸುಳ್ಳು.

ಈಗ ಅಕ್ಕಿ. ಬಿಳಿ ಮುಚ್ಚಳದ ಕೆಳಗೆ ಬಿಳಿ ಕಾಳು ಕಾಣುವುದಿಲ್ಲ. ಹಾಗಾಗಿ ಮುಚ್ಚಳ ಎತ್ತಿ, ಒಳಗೆಲ್ಲ ಕಪ್ಪು ಬಟ್ಟೆ ಅಂಟಿಸಿದ ರಟ್ಟಿನ ಪೆಟ್ಟಿಗೆಯೊಂದನ್ನು ಕವುಚಿ ಹಾಕಬೇಕು. ಕಾಳುಗಳನ್ನು ಮೃದುವಾದ ಕುಂಚದಿಂದ ಬಿಡಿಬಿಡಿಯಾಗಿ ಸರಿಸಬೇಕು. ಈ ಬಿಡಿಸುವ ಕೆಲಸದಲ್ಲಿ ಸೋಮಾರಿತನ ಕೂಡದು. ಒಂದಕ್ಕೊಂದು ತಾಗಿದ ಕಾಳುಗಳನ್ನು ಬೇರ್ಪಡಿಸುವ ವಿಧಾನ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಇದೆ ನಿಜ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ರೂಪಿಸಿದ ಆ ತಂತ್ರಾಂಶ ಜಗತ್ತಿನ ಜೀವವಿಜ್ಞಾನಿಗಳ ಕೈಗೆಲಸದ ಸಾಧನ. ಆದರೆ ಆ ವಿಧಾನ ನಡುವಲ್ಲಿ ತುಸು ಕೃಶವಾಗಿರುವ ಇಡೀ ಕಾಳನ್ನೂ ಎರಡು ಕಾಳುಗಳೆಂದು ಭ್ರಮಿಸಿ ಕತ್ತರಿಸಿಬಿಡಬಹುದು. ಗಿರಣಿ ಮುರಿಯದ ಕಾಳನ್ನು ಕಂಪ್ಯೂಟರ್ ಮುರಿದಂತಾಗುತ್ತದೆ! ನುಚ್ಚಿನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಒಂದೇ ಕಾಳನ್ನು ಹತ್ತಿರದಿಂದ ನೋಡೋಣ. ಉದ್ದ 5 ಮಿಲಿಮೀಟರ್, ಅಗಲ 2 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಅಕ್ಕಿಯ ವರ್ಗ ತೀರ್ಮಾನವಾಗುವುದು ಉದ್ದ ಮತ್ತು ಅಗಲದ ಅನುಪಾತದ ಮೇಲೆ. 6 ಮಿಲಿಮೀಟರಿಗಿಂತ ಗಿಡ್ಡವಾದ ಕಾಳಿನಲ್ಲಿ ಅನುಪಾತ 2.5ನ್ನು ದಾಟಿದರೆ ಮಧ್ಯಮ ಸಣ್ಣಕ್ಕಿ, ಅದಕ್ಕಿಂತ ಕಡಿಮೆಯಾದರೆ ಗಿಡ್ಡ ದಪ್ಪಕ್ಕಿ. ನಮ್ಮ ಕಾಳು ಸರಿಯಾಗಿ ಗಡಿಯ ಮೇಲೆ ಕುಳಿತಿದೆ. ಕಚೇರಿಗಳಲ್ಲಿ ಬಳಸುವ 300 ಡಿಪಿಐನಲ್ಲಿ ಅದರ ಉದ್ದ 59 ಪಿಕ್ಸೆಲ್, ಅಗಲ 24 ಪಿಕ್ಸೆಲ್ ಬಂದರೆ ಅನುಪಾತ 2.46, ದಪ್ಪಕ್ಕಿ. ಅಂಚಿನ ಒಂದು ಮಬ್ಬು ಪಿಕ್ಸೆಲ್ಲನ್ನು ಕಾಳಿನ ಲೆಕ್ಕಕ್ಕೆ ಸೇರಿಸದೆ ಬಿಟ್ಟರೆ ಅಗಲ 23, ಅನುಪಾತ 2.57, ಸಣ್ಣಕ್ಕಿ! ಒಂದು ಪಿಕ್ಸೆಲ್ ಅಕ್ಕಿಯ ಜಾತಿಯನ್ನೇ ಬದಲಿಸಿತು. 1200 ಡಿಪಿಐಗೆ ಏರಿಸಿದರೆ ಅದೇ ಕಾಳು 236 ಪಿಕ್ಸೆಲ್ ಉದ್ದ, 94 ಅಥವಾ 95 ಪಿಕ್ಸೆಲ್ ಅಗಲ. ಆಗ ಒಂದು ಪಿಕ್ಸೆಲ್ಲಿನ ತಪ್ಪು ಅನುಪಾತವನ್ನು 0.03ರಷ್ಟೂ ಕದಲಿಸಲಾರದು. ಗಡಿಯ ಕಾಳು ಆಗಲೂ ಗಡಿಯಲ್ಲೇ ಇರುತ್ತದೆ. ಅದು ಗಡಿಯಲ್ಲಿದೆ ಎಂಬುದಾದರೂ ನಮಗೆ ಖಚಿತವಾಗುತ್ತದೆ.

ಡಿಪಿಐ ಸಂಖ್ಯೆಯನ್ನು ನಂಬಿದರೂ ಸಾಲದು. ಪೆಟ್ಟಿಗೆಯ ಮೇಲೆ 4800 ಎಂದು ಅಚ್ಚಾಗಿರುವ ಎಷ್ಟೋ ಸ್ಕ್ಯಾನರುಗಳು ನಿಜವಾಗಿ ಬಿಡಿಸಿ ತೋರಿಸುವ ವಿವರ ಅದರ ಅರ್ಧದಷ್ಟೂ ಇರುವುದಿಲ್ಲ. ಲೆನ್ಸು ಮಬ್ಬು ಮಾಡಿದ್ದನ್ನು ಪಿಕ್ಸೆಲ್ಲುಗಳು ನುಣ್ಣಗೆ ಕತ್ತರಿಸಿ ಕೊಡುತ್ತವೆ, ಅಷ್ಟೆ. ಇನ್ನೊಂದು ವಿಷಯ ಬಹಳ ಮಂದಿಗೆ ಹೊಳೆಯುವುದಿಲ್ಲ. ಗಾಜಿನ ಅಗಲದ ದಿಕ್ಕಿನಲ್ಲಿ ಅಳತೆಯನ್ನು ನಿರ್ಧರಿಸುವುದು ಲೆನ್ಸು ಮತ್ತು ಸಂವೇದಕ. ಉದ್ದದ ದಿಕ್ಕಿನಲ್ಲಿ ಮೋಟಾರು ಮತ್ತು ಬೆಲ್ಟು. ಇವೆರಡೂ ಬೇರೆ ಬೇರೆ ಯಂತ್ರಗಳು. ಬೆಲ್ಟು ಸಡಿಲವಾಗಿದ್ದರೆ ಒಂದು ದಿಕ್ಕಿನಲ್ಲಿ ಮಾತ್ರ ಕಾಳು ಉದ್ದವಾಗುತ್ತದೆ. ಆದ್ದರಿಂದ ಒಳ್ಳೆಯ ಸ್ಟೀಲ್ ಸ್ಕೇಲ್ ಒಂದನ್ನು ಮೊದಲು ಅಡ್ಡಲಾಗಿ, ಆಮೇಲೆ ಉದ್ದಕ್ಕೆ, ಆಮೇಲೆ ಮೂಲೆಗಳಲ್ಲಿಟ್ಟು ಓದಿಸಿ, ಒಂದು ಮಿಲಿಮೀಟರಿಗೆ ಎಲ್ಲಿ ಎಷ್ಟು ಪಿಕ್ಸೆಲ್ ಎಂದು ಪುಸ್ತಕದಲ್ಲಿ ಬರೆದಿಡಬೇಕು. ಗೊತ್ತಿರುವ ವಸ್ತುವಿಗೆ ಗೊತ್ತಿಲ್ಲದ ಸಂಖ್ಯೆಯನ್ನು ಕಟ್ಟಿಹಾಕುವ ಈ ಕೆಲಸಕ್ಕೇ ಕ್ಯಾಲಿಬ್ರೇಶನ್ ಎನ್ನುವುದು. ಸ್ಕ್ಯಾನರ್ ಉಪಕರಣವಾಗುವುದು ಆ ಗಳಿಗೆಯಲ್ಲಿ. ಅದಕ್ಕೆ ಮೊದಲು ಅದು ಬರೀ ಚಿತ್ರ ತೆಗೆಯುವ ಯಂತ್ರ.

ನುಚ್ಚಿನ ಮಿತಿ ತೂಕದಲ್ಲಿದೆ, ಸ್ಕ್ಯಾನರ್ ಕೊಡುವುದು ವಿಸ್ತೀರ್ಣವನ್ನು. ಕಾಳಿನ ದಪ್ಪ ಅದಕ್ಕೆ ಕಾಣುವುದಿಲ್ಲ. ಇಲ್ಲಿಯೂ ಪರಿಹಾರ ಅದೇ: ಒಂದು ತಳಿಯ ಇಡೀ ಕಾಳುಗಳನ್ನೂ ನುಚ್ಚನ್ನೂ ಬೇರೆ ಬೇರೆ ತೂಗಿ, ಅವುಗಳ ವಿಸ್ತೀರ್ಣವನ್ನೂ ಅಳೆದು, ಎರಡರ ಸಂಬಂಧವನ್ನು ಮೊದಲೇ ಕಂಡುಕೊಳ್ಳಬೇಕು. ಬಿಪಿಟಿಗೆ ಕಂಡುಕೊಂಡ ಸಂಬಂಧ ದಪ್ಪ ಕಾಳಿನ ತಳಿಗೆ ಒಗ್ಗುವುದಿಲ್ಲ. ಇಷ್ಟು ಮಾಡಿದರೆ ಪರೀಕ್ಷಕರೂ ಗಿರಣಿಯವರೂ ಒಂದೇ ಪರದೆಯ ಮುಂದೆ ಕುಳಿತು, ತಕರಾರಿನ ಕಾಳಿನ ಮೇಲೆ ಬೆರಳಿಟ್ಟು ಮಾತಾಡಬಹುದು. ಆ ಚಿತ್ರ ಮುಂದಿನ ವರ್ಷವೂ ಹಾಗೇ ಉಳಿದಿರುತ್ತದೆ. ತಟ್ಟೆಯ ಅಕ್ಕಿ ಉಳಿಯುವುದಿಲ್ಲ. ಈ ಕಾರಣಕ್ಕಾದರೂ ಪ್ರತಿ ಖರೀದಿ ಕೇಂದ್ರದಲ್ಲಿ ಇಂಥದ್ದೊಂದು ಇರಬೇಕೆಂದು ನನ್ನ ಆಸೆ.

ಇಲ್ಲಿಯವರೆಗೆ ಸ್ಕ್ಯಾನರನ್ನು ಅಳತೆಗೋಲಾಗಿ ಬಳಸಿದ್ದಾಯಿತು. ಅದು ಬೆಳಕಿನ ಮಾಪಕವೂ ಹೌದು, ಮತ್ತು ಆ ಕೆಲಸ ಇನ್ನೂ ಸೂಕ್ಷ್ಮ. ವಿಶಾಖಪಟ್ಟಣದ ಅಗನಂಪೂಡಿಯಲ್ಲಿ ಟಾಟಾ ಸ್ಮಾರಕ ಕೇಂದ್ರದ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ. ವಿಕಿರಣ ಚಿಕಿತ್ಸೆ ಕೊಡುವುದು ಎಲ್ಲೇ ಆಗಲಿ, ವೈದ್ಯರ ಜೊತೆ ವೈದ್ಯಕೀಯ ಭೌತವಿಜ್ಞಾನಿಯೊಬ್ಬರು ಇರುತ್ತಾರೆ. ಗಡ್ಡೆಗೆ ದಿನಕ್ಕೆ ಸಾಮಾನ್ಯವಾಗಿ 2 ಗ್ರೇಯಷ್ಟು ವಿಕಿರಣ ಬೀಳಬೇಕು, ಪಕ್ಕದ ಬೆನ್ನುಹುರಿಗೆ ಆದಷ್ಟು ಕಡಿಮೆ ಬೀಳಬೇಕು. ಕಂಪ್ಯೂಟರ್ ಹಾಕಿಕೊಟ್ಟ ಯೋಜನೆಯಂತೆಯೇ ಯಂತ್ರ ನಡೆದುಕೊಳ್ಳುತ್ತದೆಯೇ ಎಂದು ರೋಗಿಯನ್ನು ಮಲಗಿಸುವ ಮೊದಲೇ ನೋಡುವುದು ಅವರ ಹೊಣೆ. ಅದಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಸಾಧನ ಗಾಫ್‌ಕ್ರೋಮಿಕ್ ಎಂಬ ಫಿಲ್ಮು. ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ಕೂದಲಿಗಿಂತ ತೆಳುವಾದ ಒಂದು ಪದರ. ಅದರಲ್ಲಿ ಕಡ್ಡಿಯಾಕಾರದ ಅತಿಸಣ್ಣ ಹರಳುಗಳು. ವಿಕಿರಣ ಬಿದ್ದಲ್ಲಿ ಅವುಗಳ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ನೀಲಿಯಾಗುತ್ತವೆ. ತೊಳೆಯುವ ಗೋಜಿಲ್ಲ, ಕತ್ತಲೆ ಕೋಣೆ ಬೇಡ. ಎಷ್ಟು ವಿಕಿರಣವೋ ಅಷ್ಟು ನೀಲಿ.

ಆ ನೀಲಿಯನ್ನು ಓದುವುದು ಚಪ್ಪಟೆ ಸ್ಕ್ಯಾನರ್. ಹೆಚ್ಚಾಗಿ ಎಪ್ಸನ್ ಕಂಪನಿಯ, ಎ3 ಅಳತೆಯ, ಮುಚ್ಚಳದಲ್ಲೂ ದೀಪವಿರುವ ಮಾದರಿ. ಚಿತ್ರಕಲೆಯವರಿಗೂ ಮುದ್ರಣದವರಿಗೂ ಎಂದು ಮಾಡಿದ ಯಂತ್ರ ಕ್ಯಾನ್ಸರ್ ಆಸ್ಪತ್ರೆಗಳ ಮೇಜಿನ ಮೇಲೆ ಬಂದು ಕುಳಿತಿದೆ. ನೀಲಿಯಾದ ಫಿಲ್ಮು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಅದರಲ್ಲೂ 635 ನ್ಯಾನೊಮೀಟರಿನ ಆಸುಪಾಸಿನ ಕೆಂಪನ್ನು. ಆದ್ದರಿಂದ ಕೆಂಪು, ಹಸಿರು, ನೀಲಿ ಎಂಬ ಮೂರು ಕಂತೆಗಳಲ್ಲಿ ಕೆಂಪಿನ ಸಂಖ್ಯೆಗಳಿಗೇ ಮುಖ್ಯ ಬೆಲೆ. ಅಕ್ಕಿಯಲ್ಲಿ 1200 ಡಿಪಿಐ ಬೇಕೆಂದೆವಲ್ಲ, ಇಲ್ಲಿ 72 ಡಿಪಿಐ ಸಾಕು. ವಿಕಿರಣದ ನಕ್ಷೆಗೆ 0.35 ಮಿಲಿಮೀಟರಿನ ಪಿಕ್ಸೆಲ್ ಧಾರಾಳವಾಯಿತು. ಬೇಕಾದದ್ದು ಬೆಳಕಿನ ಮೆಟ್ಟಿಲುಗಳ ಸೂಕ್ಷ್ಮತೆ. ಸಾಮಾನ್ಯ ಚಿತ್ರದಲ್ಲಿ ಕಪ್ಪಿನಿಂದ ಬಿಳಿಗೆ 256 ಮೆಟ್ಟಿಲು. 16 ಬಿಟ್‌ನಲ್ಲಿ ಓದಿದರೆ 65,536. ಎಂಟು ಬಿಟ್ಟಿನ ಚಿತ್ರದಲ್ಲಿ ಇನ್ನೊಂದು ಮೋಸವೂ ಸೇರಿಕೊಂಡಿರುತ್ತದೆ. ಪರದೆಯಲ್ಲಿ ಕಣ್ಣಿಗೆ ಹಿತವಾಗಲೆಂದು ಸಂಖ್ಯೆಗಳನ್ನು ಗ್ಯಾಮಾ ಎಂಬ ಸೂತ್ರದಿಂದ ಬಾಗಿಸಿರುತ್ತಾರೆ. 255ಕ್ಕೆ 128 ಎಂದರೆ ಅರ್ಧ ಬೆಳಕು ಎಂದುಕೊಳ್ಳುತ್ತೇವೆ. ಗ್ಯಾಮಾ 2.2 ಇದ್ದರೆ ಅದು ವಾಸ್ತವದಲ್ಲಿ ಶೇ. 22ರಷ್ಟೇ ಬೆಳಕು. ಅಳತೆಗೆ ಗ್ಯಾಮಾ ಒಂದಕ್ಕೇ ನಿಲ್ಲಬೇಕು.

ಖಾಲಿ ಫಿಲ್ಮಿನ ಮೂಲಕ ದಾಟಿದ ಬೆಳಕು 40,000 ಎಂದೂ ವಿಕಿರಣ ಬಿದ್ದ ಫಿಲ್ಮಿನ ಮೂಲಕ ದಾಟಿದ್ದು 20,000 ಎಂದೂ ಓದಿದರೆ, ಎರಡರ ಅನುಪಾತದ ಲಾಗರಿತಮ್ 0.30. ಇದೇ ಫಿಲ್ಮಿನ ಗಾಢತೆಯಲ್ಲಿ ಆದ ಹೆಚ್ಚಳ. ಇದನ್ನು ಗ್ರೇಗೆ ತಿರುಗಿಸಲು ಅದೇ ಪೆಟ್ಟಿಗೆಯ ಫಿಲ್ಮಿನ ತುಂಡುಗಳಿಗೆ ಗೊತ್ತಿರುವ ಪ್ರಮಾಣದ ವಿಕಿರಣ ಕೊಟ್ಟು, ಮೊದಲೇ ಒಂದು ವಕ್ರರೇಖೆ ಬರೆದಿಟ್ಟುಕೊಳ್ಳಬೇಕು. ಇನ್ನೊಂದು ತಯಾರಿಕೆಯ ಪೆಟ್ಟಿಗೆ ಬಂದರೆ ಆ ರೇಖೆಯನ್ನು ಹೊಸದಾಗಿ ಬರೆಯಬೇಕು.

ಈ ಕ್ಷೇತ್ರದವರು ಸ್ಕ್ಯಾನರಿನ ಸ್ವಭಾವವನ್ನು ಬಗೆದು ನೋಡಿದಷ್ಟು ಅದನ್ನು ತಯಾರಿಸಿದವರೂ ನೋಡಿರಲಾರರು. ಒಂದೇ ಫಿಲ್ಮನ್ನು ಅಡ್ಡ ಇಟ್ಟರೆ ಒಂದು ಸಂಖ್ಯೆ, ಲಂಬವಾಗಿ ಇಟ್ಟರೆ ಬೇರೆ ಸಂಖ್ಯೆ. ಕಾರಣ, ಆ ಕಡ್ಡಿಯಾಕಾರದ ಹರಳುಗಳು ಫಿಲ್ಮು ತಯಾರಾಗುವಾಗ ಒಂದೇ ದಿಕ್ಕಿಗೆ ಮಲಗಿಕೊಂಡು ಬೆಳಕನ್ನು ಧ್ರುವೀಕರಿಸುತ್ತವೆ. ಸ್ಕ್ಯಾನರಿನ ಒಳಗಿನ ಕನ್ನಡಿಗಳೂ ಓರೆಯಾಗಿ ಬಂದ ಬೆಳಕನ್ನು ಧ್ರುವೀಕರಿಸುತ್ತವೆ. ಹೀಗಾಗಿ ಗಾಜಿನ ನಡುವೆ ಇಟ್ಟ ಫಿಲ್ಮು ಸರಿಯಾಗಿ ಓದಿದರೆ, ಎಡಬಲದ ಅಂಚಿಗೆ ಸರಿಸಿದ ಅದೇ ಫಿಲ್ಮು ಹೆಚ್ಚು ವಿಕಿರಣ ಬಿದ್ದಂತೆ ತೋರಿಸುತ್ತದೆ. ಕಾಗದ ಓದುವವರಿಗೆ ಎಂದೂ ಗೊತ್ತಾಗದ ದೋಷ ಇದು. ಇಲ್ಲಿ ರೋಗಿಯ ಚಿಕಿತ್ಸೆಯ ಲೆಕ್ಕವನ್ನು ತಪ್ಪಿಸೀತು. ಆದ್ದರಿಂದ ಫಿಲ್ಮಿನ ಮೂಲೆಯಲ್ಲಿ ಗುರುತು ಹಾಕಿ ಯಾವಾಗಲೂ ಒಂದೇ ದಿಕ್ಕಿಗೆ, ಗಾಜಿನ ನಡುವೆಯೇ ಇಡುತ್ತಾರೆ. ಫಿಲ್ಮು ಡೊಂಕಾಗದಂತೆ ಮೇಲೊಂದು ಗಾಜು ಹೇರುತ್ತಾರೆ. ದೀಪ ಬೆಚ್ಚಗಾಗಲೆಂದು ಮೊದಲ ಕೆಲವು ಸ್ಕ್ಯಾನುಗಳನ್ನು ಬಿಟ್ಟು, ನಂತರದವುಗಳ ಸರಾಸರಿ ತೆಗೆಯುತ್ತಾರೆ. ವಿಕಿರಣ ಬಿದ್ದ ಮೇಲೂ ನೀಲಿ ಸ್ವಲ್ಪ ಸ್ವಲ್ಪ ಏರುತ್ತಲೇ ಇರುವುದರಿಂದ ಒಂದು ದಿನ ಕಾದು ಓದುವುದು ವಾಡಿಕೆ. ಗಾಜಿನ ತಲೆಯ ಕಡೆ ಒಂದು ಪಟ್ಟಿಯಷ್ಟು ಜಾಗವನ್ನು ಖಾಲಿ ಬಿಡುತ್ತಾರೆ. ಪ್ರತಿ ಸ್ಕ್ಯಾನಿನ ಮೊದಲು ಯಂತ್ರ ಅಲ್ಲಿನ ಬೆಳಕನ್ನು ನೋಡಿ ತನ್ನ ಒಂದೊಂದು ಕಣವನ್ನೂ ಸರಿಹೊಂದಿಸಿಕೊಳ್ಳುತ್ತದೆ. ಅಲ್ಲೊಂದು ದೂಳಿನ ಕಣ ಕೂತರೂ ಚಿತ್ರದ ಉದ್ದಕ್ಕೂ ಗೆರೆ ಬೀಳುತ್ತದೆ.

ಬದುಕಿರುವ ಜೀವಿಗಳನ್ನೂ ಸ್ಕ್ಯಾನರಿಗೆ ಏರಿಸಿದ್ದಾರೆ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ನಟಾಲಿ ಬಲಬಾನ್ ತಂಡ ಬ್ಯಾಕ್ಟೀರಿಯಾ ಬೆಳೆಯುವ ತಟ್ಟೆಗಳನ್ನು ಕಚೇರಿ ಸ್ಕ್ಯಾನರಿನ ಮೇಲಿಟ್ಟು ಮತ್ತೆ ಮತ್ತೆ ಓದಿಸಿ, ಯಾವ ಕಾಲೊನಿ ಯಾವ ಹೊತ್ತಿಗೆ ಕಾಣಿಸಿಕೊಂಡಿತು ಎಂದು ದಾಖಲಿಸಿತು. 2010ರಲ್ಲಿ ಪ್ರಕಟವಾದ ಆ ಕೆಲಸದಿಂದ ತಡವಾಗಿ ಎಚ್ಚರಗೊಳ್ಳುವ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಗುರುತಿಸಲು ಸಾಧ್ಯವಾಯಿತು. ಪ್ರತಿಜೀವಕ ಔಷಧಗಳಿಂದ ತಪ್ಪಿಸಿಕೊಳ್ಳುವವು ಹಲವೊಮ್ಮೆ ಇಂಥವೇ. 2013ರಲ್ಲಿ ಹಾರ್ವರ್ಡ್‌ನ ನಿಕೊಲಾಸ್ ಸ್ಟ್ರೌಸ್ಟ್ರಪ್ ಮತ್ತು ವಾಲ್ಟರ್ ಫಾಂಟಾನಾ ಒಂದು ಮಿಲಿಮೀಟರ್ ಉದ್ದದ ಹುಳುಗಳ ಆಯಸ್ಸನ್ನು ಸ್ಕ್ಯಾನರುಗಳಿಂದ ಅಳೆದರು. ಪ್ರತಿ ಸ್ಕ್ಯಾನರಿನ ಮೇಲೆ 16 ತಟ್ಟೆ. ಯಾವ ಹುಳು ಕದಲುವುದನ್ನು ನಿಲ್ಲಿಸಿತೋ ಆ ಹೊತ್ತೇ ಅದರ ಕೊನೆ ಎಂದು ಲೆಕ್ಕ. ದೀಪದ ಬಿಸಿ ಹುಳುಗಳಿಗೆ ತಟ್ಟದಂತೆ ಅವರು ಯಂತ್ರವನ್ನು ಬಿಚ್ಚಿ ಗಾಳಿಯಾಡುವ ವ್ಯವಸ್ಥೆ ಮಾಡಬೇಕಾಯಿತು.

ಮತ್ತೆ ವಿಶಾಖಪಟ್ಟಣದ ಸಮುದ್ರತೀರಕ್ಕೆ ಬರೋಣ, ಈ ಬಾರಿ ಮರಳಿಗಾಗಿ. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಹುಟ್ಟಿದ್ದು ವಿಜಯವಾಡದಲ್ಲಿ; 1930ರಲ್ಲಿ ಅದು ವಾಲ್ಟೇರಿನ ಗುಡ್ಡಕ್ಕೆ ಬಂತು. ಅಲ್ಲಿ ಭೂವಿಜ್ಞಾನವನ್ನು ಬೆಳೆಸಿದ ಸಿ. ಮಹದೇವನ್ ಅದಕ್ಕೆ ಮೊದಲು ಹೈದರಾಬಾದ್ ಸಂಸ್ಥಾನದ ಭೂಸರ್ವೇಕ್ಷಣೆಯಲ್ಲಿದ್ದವರು. ನಮ್ಮ ಕಲಬುರಗಿ ಜಿಲ್ಲೆಯ ಭೀಮಾ ಶಿಲಾಸಮೂಹವನ್ನು ಅಧ್ಯಯನ ಮಾಡಿದವರು. ವಾಲ್ಟೇರಿನಲ್ಲಿ ಅವರೂ, 1950ರ ದಶಕದಲ್ಲಿ ಅಮೆರಿಕದಿಂದ ಬಂದ ಸಾಗರವಿಜ್ಞಾನಿ ಯೂಜೀನ್ ಲಾಫಾಂಡ್ ಅವರೂ ಕಡಲತೀರದ ಮರಳಿನ ಹಿಂದೆ ಬಿದ್ದರು. ಅದಕ್ಕೆ ಕಾರಣವಿತ್ತು. ನೈಋತ್ಯ ಮುಂಗಾರಿನ ಅಲೆಗಳು ಮರಳನ್ನು ತೀರದುದ್ದಕ್ಕೂ ಉತ್ತರಕ್ಕೆ ತಳ್ಳುತ್ತವೆ. 1933ರಲ್ಲಿ ತೆರೆದ ಬಂದರು ಆ ನಡಿಗೆಗೆ ಅಡ್ಡ ನಿಂತಿತು. ಬಂದರಿನ ಬಾಯಿ ಹೂಳದಿರಲೆಂದು ಜೇನಸ್, ವೆಲ್ಲೆಡ್ಸನ್ ಎಂಬ ಎರಡು ಹಳೆಯ ಹಡಗುಗಳನ್ನೇ ಮುಳುಗಿಸಿ ತಡೆಗೋಡೆ ಮಾಡಿದ್ದರು. ಅಡ್ಡಗಟ್ಟಿದ ಮರಳು ಸಿಗದೆ ಉತ್ತರದ ತೀರ ಕೊರೆದುಹೋಗುತ್ತದೆ. ಆದ್ದರಿಂದ ಈಗಲೂ ಬಂದರಿನವರು ಮರಳನ್ನು ಹೂಳೆತ್ತಿ ಆರ್.ಕೆ. ಬೀಚಿನ ಕಡೆಗೆ ಸುರಿಯುತ್ತಾರೆ. ಸುರಿದ ಮರಳು ಅಲ್ಲಿ ನಿಲ್ಲುತ್ತದೆಯೇ ಎಂಬುದು ಕಣದ ಗಾತ್ರದ ಪ್ರಶ್ನೆ.

ಮರಳಿನ ಗಾತ್ರ ಅಳೆಯುವ ಹಳೆಯ ದಾರಿ ಜರಡಿಗಳ ಸಾಲು. ಒಂದರ ಕೆಳಗೊಂದು ಸಣ್ಣಗಾಗುತ್ತ ಹೋಗುವ ಜರಡಿಗಳನ್ನು ಯಂತ್ರ ಅಲ್ಲಾಡಿಸುತ್ತದೆ. ಒಂದೊಂದರಲ್ಲಿ ಉಳಿದದ್ದನ್ನು ತೂಗುತ್ತೇವೆ. ಅದು ನಂಬಿಗಸ್ತ ವಿಧಾನ, ಆದರೆ ಬಣ್ಣಗುರುಡು. ವಿಶಾಖಪಟ್ಟಣದ ತೀರದಲ್ಲಿ ಬಣ್ಣವೇ ಕಥೆ ಹೇಳುತ್ತದೆ. ಬೆಳ್ಳಗಿನ ಕ್ವಾರ್ಟ್ಜ್ ನಡುವೆ ಕೆಂಪು ಛಾಯೆಯ ಗಾರ್ನೆಟ್, ಕಪ್ಪು ಇಲ್ಮನೈಟ್ ಕಣಗಳು ಪಟ್ಟೆಪಟ್ಟೆಯಾಗಿ ಬಿದ್ದಿರುತ್ತವೆ. ಕ್ವಾರ್ಟ್ಜ್‌ನ ಸಾಂದ್ರತೆ ನೀರಿನ 2.65 ಪಟ್ಟು, ಇಲ್ಮನೈಟಿನದು ಸುಮಾರು 4.7 ಪಟ್ಟು. ಒಂದೇ ಅಲೆ ಒಂದೇ ಜಾಗದಲ್ಲಿ ಇಳಿಸಿಹೋದ ಕಣಗಳಲ್ಲಿ ಕಪ್ಪು ಕಣ ಬಿಳಿ ಕಣಕ್ಕಿಂತ ಚಿಕ್ಕದಾಗಿರುತ್ತದೆ, ನೀರಿನಲ್ಲಿ ಇಳಿಯುವ ವೇಗದಲ್ಲಿ ಸರಿತೂಗಲು. ಸ್ಕ್ಯಾನರ್ ಈ ಎರಡನ್ನೂ ಒಟ್ಟಿಗೇ ನೋಡಬಲ್ಲದು: ಒಂದೊಂದು ಕಣದ ಬಣ್ಣವೇನು, ಗಾತ್ರವೆಷ್ಟು. ಕಪ್ಪು ಕಣಗಳ ಗಾತ್ರದ ನಕ್ಷೆ ಒಂದು, ಬಿಳಿ ಕಣಗಳದು ಇನ್ನೊಂದು ಬರೆದು ಎದುರುಬದುರು ಇಟ್ಟರೆ ಅಲೆಯ ಕೈವಾಡ ಕಣ್ಣೆದುರಿಗೆ ಬರುತ್ತದೆ. ನನ್ನ ಮಟ್ಟಿಗೆ ಸ್ಕ್ಯಾನರಿನ ಎಲ್ಲ ಬಳಕೆಗಳಲ್ಲಿ ಅತ್ಯಂತ ಸೊಗಸಾದದ್ದು ಇದು.

ಎರಡು ಎಚ್ಚರಿಕೆಗಳು ಬೇಕು. ಕ್ವಾರ್ಟ್ಜ್ ಗಾಜಿಗಿಂತ ಗಡುಸು. ಮರಳನ್ನು ನೇರವಾಗಿ ಸುರಿದು ಕುಂಚ ಆಡಿಸಿದರೆ ಸ್ಕ್ಯಾನರಿನ ಗಾಜು ಒಂದೇ ದಿನದಲ್ಲಿ ಗೀರುಗೀರಾಗುತ್ತದೆ. ನಡುವೆ ತೆಳುವಾದ ಪಾರದರ್ಶಕ ಹಾಳೆ ಇರಲೇಬೇಕು. ಅಗ್ಗದ ತೆಳು ಸ್ಕ್ಯಾನರುಗಳಲ್ಲಿ ಕನ್ನಡಿ, ಲೆನ್ಸುಗಳ ಉದ್ದ ದಾರಿಯ ಬದಲು ಸಂವೇದಕವೇ ಗಾಜಿಗೆ ಅಂಟಿಕೊಂಡಂತೆ ಇರುತ್ತದೆ. ಅವು ಗಾಜಿನ ಮೈಗೆ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತವೆ, ಮಿಲಿಮೀಟರಿನಷ್ಟು ಮೇಲಕ್ಕೆ ಹೋದರೂ ಮಬ್ಬು. ಆದ್ದರಿಂದ ಹಾಳೆ ಎಷ್ಟು ತೆಳುವೋ ಅಷ್ಟು ಒಳ್ಳೆಯದು. ಗುಜರಿಯಲ್ಲಿ ಬಿದ್ದಿರುವ ಹಳೆಯ ದಪ್ಪ ಸಿಸಿಡಿ ಸ್ಕ್ಯಾನರ್ ಈ ಕೆಲಸಕ್ಕೆ ಹೊಸತಕ್ಕಿಂತ ಮೇಲು. ಇನ್ನು 0.1 ಮಿಲಿಮೀಟರಿಗಿಂತ ಸಣ್ಣ ಕಣಗಳನ್ನು ಸೂಕ್ಷ್ಮದರ್ಶಕಕ್ಕೆ ಬಿಟ್ಟುಬಿಡಬೇಕು.

ಕೃಷ್ಣಾ ನದಿಯ ಮರಳಿಗೆ ಇದೇ ವಿಧಾನವನ್ನು ಹಚ್ಚುವ ಒಂದು ಕೆಲಸ ಕಾಯುತ್ತಿದೆ. ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ಕೊನೆಗೆ ವಿಜಯವಾಡದ ಬ್ಯಾರೇಜ್: ಪ್ರತಿ ಅಣೆಕಟ್ಟೂ ಮರಳನ್ನು ತನ್ನ ಹಿಂದೆ ಹಿಡಿದಿಟ್ಟುಕೊಳ್ಳುತ್ತದೆ. ಅಣೆಕಟ್ಟಿನ ಕೆಳಗೆ ನೀರು ಸಣ್ಣ ಕಣಗಳನ್ನು ಕೊಚ್ಚಿಕೊಂಡು ಹೋಗುತ್ತದೆ, ಮೇಲಿನಿಂದ ಹೊಸತು ಬರುವುದಿಲ್ಲ. ನದಿಯ ತಳ ಒರಟಾಗುತ್ತ ಹೋಗುತ್ತದೆ. ಆ ಒರಟುತನವನ್ನು ಕೂಡಲಸಂಗಮದಿಂದ ಸಮುದ್ರ ಸೇರುವ ಹಂಸಲದೀವಿಯವರೆಗೆ ಪ್ರತಿ ಬೇಸಿಗೆಯಲ್ಲಿ ಅಳೆದಿಡಲು ದೊಡ್ಡ ಪ್ರಯೋಗಾಲಯ ಬೇಡ. ಬಾಗಲಕೋಟೆ, ರಾಯಚೂರು, ಕರ್ನೂಲು, ವಿಜಯವಾಡದ ಕಾಲೇಜುಗಳಲ್ಲಿ ತಲಾ ಒಂದು ಸ್ಕ್ಯಾನರ್, ಒಂದು ಸ್ಟೀಲ್ ಸ್ಕೇಲ್, ಕಪ್ಪು ಬಟ್ಟೆಯ ಪೆಟ್ಟಿಗೆ ಇದ್ದರೆ ಸಾಕು. ಆದರೆ ರಾಯಚೂರಿನ ಸ್ಕ್ಯಾನರ್ 0.40 ಮಿಲಿಮೀಟರ್ ಎಂದದ್ದನ್ನು ವಿಜಯವಾಡದ್ದು 0.43 ಎಂದರೆ ವ್ಯತ್ಯಾಸ ನದಿಯದೋ ಯಂತ್ರದ್ದೋ? ಅದಕ್ಕೆ ಮೊದಲ ವರ್ಷ ನದಿಗೆ ಇಳಿಯುವುದೇ ಬೇಡ. ಜರಡಿ ಹಿಡಿದು ಗಾತ್ರ ಗೊತ್ತುಮಾಡಿದ ಒಂದೇ ಸೀಸೆ ಮರಳು ಎಲ್ಲ ಕಾಲೇಜುಗಳನ್ನೂ ಸುತ್ತಲಿ. ಪ್ರತಿಯೊಬ್ಬರೂ ಒಂದೇ ಡಿಪಿಐ, ಒಂದೇ ಗ್ಯಾಮಾ, ಒಂದೇ ಕಪ್ಪು ಹಿನ್ನೆಲೆಯಲ್ಲಿ ಅದನ್ನು ಓದಿ, ಸ್ಕ್ಯಾನರಿನ ಮಾದರಿ ಸಂಖ್ಯೆಯನ್ನೂ ತಾರೀಖನ್ನೂ ಬರೆದು ಕಳಿಸಲಿ. ಸೀಸೆ ಹೊರಟ ಕಾಲೇಜಿಗೇ ಮರಳಿ ಬಂದಾಗ ಅದನ್ನು ಇನ್ನೊಮ್ಮೆ ಓದಿಸಬೇಕು. ದಾರಿಯಲ್ಲಿ ಸಣ್ಣ ಕಣಗಳು ಚೆಲ್ಲಿ ಹೋಗಿವೆಯೇ ಎಂಬುದು ಆಗ ಗೊತ್ತಾಗುತ್ತದೆ.